ಎಂಟ್ರಾ ಪಿಐಎಂ: ಬೇಕಾದಾಗ ಮಾತ್ರ ಅಡ್ಮಿನ್ ಅಧಿಕಾರ

ಮೈಕ್ರೋಸಾಫ್ಟ್‌ನ ಲಾಗಿನ್ ಮತ್ತು ಅನುಮತಿ ನಿರ್ವಹಣಾ ಸೇವೆ ಎಂಟ್ರಾ. ಅದರ ಪಿಐಎಂನಲ್ಲಿ (ಪ್ರಿವಿಲೆಜ್ಡ್ ಐಡೆಂಟಿಟಿ ಮ್ಯಾನೇಜ್‌ಮೆಂಟ್) ಬಳಕೆದಾರರನ್ನು ಒಂದು ಅಡ್ಮಿನ್ ರೋಲ್‌ಗೆ 'ಎಲಿಜಿಬಲ್' (ಅರ್ಹ) ಎಂದು ಸೇರಿಸಿಟ್ಟರೆ ಸಾಕು. ಕೆಲಸ ಬಿದ್ದಾಗ ಅವರೇ ಕಾರಣ, ಟಿಕೆಟ್ ನಂಬರ್ ಬರೆದು 'ಆಕ್ಟಿವೇಟ್' ಒತ್ತುತ್ತಾರೆ. ಅವಧಿ ಮುಗಿದೊಡನೆ ಅಧಿಕಾರ ತಾನಾಗಿಯೇ ಹೋಗುತ್ತದೆ. ಡಿಫಾಲ್ಟ್ 8 ಗಂಟೆ, ಗರಿಷ್ಠ 24. ಎಲ್ಲಕ್ಕಿಂತ ದೊಡ್ಡ ರೋಲ್ ಆದ ಗ್ಲೋಬಲ್ ಅಡ್ಮಿನ್‌ಗೆ ಎರಡು ಗಂಟೆಗಿಂತ ಹೆಚ್ಚು ಕೊಡಲೇಬೇಡಿ.

ರೋಲ್‌ಗೆ ಅಪ್ರೂವಲ್ (ಬೇರೆಯವರ ಒಪ್ಪಿಗೆ) ಬೇಕೆಂದು ಇಟ್ಟಿದ್ದರೆ ತಡವಾಗುವುದು ಅಲ್ಲೇ. 24 ಗಂಟೆಯೊಳಗೆ ಯಾರೂ ಒಪ್ಪದಿದ್ದರೆ ಕೋರಿಕೆ ಅಲ್ಲಿಗೇ ಮುಗಿಯಿತು. ತನ್ನ ಕೋರಿಕೆಗೆ ತಾನೇ ಒಪ್ಪಿಗೆ ಕೊಡುವಂತೆಯೂ ಇಲ್ಲ. ಹಾಗಾಗಿ ಕನಿಷ್ಠ ಇಬ್ಬರು ಅಪ್ರೂವರ್ ಇರಲಿ. ರೀಡರ್‌ನಂಥ ಸಣ್ಣ ರೋಲ್‌ಗೆ ಅಪ್ರೂವಲ್ ಬೇಡ, ಎಂಎಫ್‌ಎ (ಪಾಸ್‌ವರ್ಡ್ ಜೊತೆ ಇನ್ನೊಂದು ದೃಢೀಕರಣ) ಒಂದೇ ಸಾಕು. ಒಪ್ಪಿಗೆ ಸಿಕ್ಕ ಮೇಲೂ ಪೋರ್ಟಲ್‌ನಲ್ಲಿ ಬಟನ್ ಮಸುಕಾಗಿಯೇ ಇದ್ದರೆ ಹಳೆಯ ಟೋಕನ್ (ಲಾಗಿನ್ ಆದಾಗ ಸಿಕ್ಕ ಗುರುತಿನ ದಾಖಲೆ) ಉಳಿದಿರಬಹುದು. ಸೈನ್ ಔಟ್ ಆಗಿ ಮತ್ತೆ ಬನ್ನಿ.

ಪಿಐಎಂಗೆ ಬೇಕಾದ ಎಂಟ್ರಾ ಐಡಿ ಪಿ2 ಲೈಸೆನ್ಸ್ ಅಗ್ಗವಲ್ಲ, ಆದರೆ ಕಂಪನಿಯ ಎಲ್ಲರಿಗೂ ಬೇಕಿಲ್ಲ: ಎಲಿಜಿಬಲ್ ಆದವರಿಗೆ, ಅಪ್ರೂವ್ ಮತ್ತು ರಿವ್ಯೂ ಮಾಡುವವರಿಗೆ ಮಾತ್ರ. ಬೇರೆ ಯಾರಿಗೂ ಲಾಗಿನ್ ಆಗದಿದ್ದಾಗ ಬಳಸುವ ಎರಡು ತುರ್ತು ಖಾತೆಗಳನ್ನು ಮಾತ್ರ ಶಾಶ್ವತವಾಗಿ ಆಕ್ಟಿವ್ ಇಡಿ.