ಸಂಡೂರು ಲಂಬಾಣಿ ಕಸೂತಿಯ ಬಗಲಚೀಲ: ಒಂದು ವರ್ಷ ಬಳಸಿದ ಮೇಲೆ

ಕಳೆದ ವರ್ಷ ಬೆಂಗಳೂರಿನ ಕರಕುಶಲ ಮೇಳವೊಂದರಲ್ಲಿ 1,450 ರೂಪಾಯಿ ಕೊಟ್ಟು ಸಂಡೂರು ಲಂಬಾಣಿ ಕಸೂತಿಯ ಬಗಲಚೀಲವೊಂದನ್ನು ಕೊಂಡೆ. ಬೆಲೆ ಕೇಳಿದ ನಮ್ಮ ಅತ್ತೆಯವರು ಅಂದು ಏನೂ ಹೇಳಲಿಲ್ಲವಾದರೂ, ಚೀಲವನ್ನು ಮಗುಚಿ ಹಾಕಿ ಹೊಲಿಗೆಯ ಹಿಂಬದಿಯನ್ನು ಬಹಳ ಹೊತ್ತು ನೋಡಿದರು. ಕಸೂತಿಯನ್ನು ಪರೀಕ್ಷಿಸಬೇಕಾದ ಕ್ರಮವೂ ಅದೇ ಇರಬೇಕು.

ಕಡುನೀಲಿ ಬಟ್ಟೆಯ ಮೇಲೆ ಕೆಂಪು, ಹಳದಿ ಮತ್ತು ಬಿಳಿ ನೂಲಿನ ಕೆಲಸ, ನಡುವೆ ಚಿಕ್ಕ ಕನ್ನಡಿಗಳು, ಅಂಚಿಗೆ ಕವಡೆ. ಧಾರವಾಡ ಕಡೆಯ ಕಸೂತಿ ಬಟ್ಟೆಯ ಎಳೆಗಳನ್ನು ಎಣಿಸುತ್ತ ಸಾಗುವ ಶಿಸ್ತಿನದಾದರೆ, ಲಂಬಾಣಿ ಕಸೂತಿ ಬಟ್ಟೆಯ ತುಂಡು, ಕನ್ನಡಿ, ಮಣಿ, ಕವಡೆಗಳನ್ನೆಲ್ಲ ಸೇರಿಸಿಕೊಂಡು ಬೆಳೆಯುವಂಥದ್ದು. ಅದರಲ್ಲಿ 14 ಬಗೆಯ ಹೊಲಿಗೆಗಳಿವೆ ಎನ್ನುತ್ತಾರೆ, ನನಗೆ ಗುರುತು ಹತ್ತಿದ್ದು ಮೂರೋ ನಾಲ್ಕೋ ಮಾತ್ರ. ಪ್ರತಿಯೊಂದು ಕನ್ನಡಿಯನ್ನೂ ಸುತ್ತಲಿನ ನೂಲೇ ಹಿಡಿದು ನಿಲ್ಲಿಸಿರುವುದರಿಂದ ಒಂದು ವರ್ಷದಲ್ಲಿ ಒಂದೂ ಉದುರಿಲ್ಲ. ಇದಕ್ಕೆ ಮುಂಚೆ ಬೇರೊಂದು ಅಂಗಡಿಯಲ್ಲಿ 400 ರೂಪಾಯಿಗೆ ಕೊಂಡಿದ್ದ 'ಬಂಜಾರ' ಚೀಲದ ಕನ್ನಡಿಗಳನ್ನು ಗೋಂದಿನಿಂದ ಅಂಟಿಸಿದ್ದರು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧ ಬಿದ್ದುಹೋದವು. ಸಂಡೂರಿನ ಕಸೂತಿಗೆ ಭೌಗೋಳಿಕ ಸೂಚಿಕೆ, ಅಂದರೆ ಇಂಥ ಊರಿನದೇ ಎಂದು ಸಾರುವ ಜಿಐ ಗುರುತು, ದೊರೆತಿರುವುದು ಇಂಥ ನಕಲುಗಳಿಂದ ಅದನ್ನು ಬೇರೆಯಾಗಿ ಗುರುತಿಸಲಿಕ್ಕಾಗಿಯೇ.

ಚೀಲದಲ್ಲಿ ಕೆಟ್ಟದ್ದು ಜಿಪ್ಪು ಮತ್ತು ಒಳಬಟ್ಟೆ, ಅಂದರೆ ಕಸೂತಿ ಹಾಕಿದವರ ಕೈ ಸೋಕದ ಭಾಗಗಳು. ಆರನೆಯ ತಿಂಗಳಿಗೆ ಜಿಪ್ಪಿನ ಹಲ್ಲು ಕಿತ್ತುಬಂತು. ಅದನ್ನು ಬದಲಿಸಿಕೊಟ್ಟ ನಮ್ಮ ಬೀದಿಯ ದರ್ಜಿ ಅಂಚಿನ ಹೊಲಿಗೆಯನ್ನು ಮಾತ್ರ ಬಿಚ್ಚಲು ಒಪ್ಪಲಿಲ್ಲ. ಬಿಚ್ಚಿದರೆ ಮತ್ತೆ ಹಾಗೆ ಹಾಕಲು ತನ್ನಿಂದಾಗದು ಎಂದರು.

ಈ ಕೆಲಸ ಕಲಿಸಿದ ಶಾಲೆ ಯಾವುದೂ ಇಲ್ಲ. ಫೇಟಿಯಾ (ಲಂಗ), ಕಾಂಚಳಿ (ರವಿಕೆ)ಗಳಿಗೆಂದು ತಾಯಿಯಿಂದ ಮಗಳಿಗೆ ಬಂದ ಹೊಲಿಗೆ, ಗಣಿಗಳ ಸೀಮೆಯಾದ ಸಂಡೂರಿನಲ್ಲಿ ಕುಶಲ ಕಲಾ ಕೇಂದ್ರದಂಥ ಸಂಸ್ಥೆಯ ಮೂಲಕ ಕೂಲಿ ತರುವ ಕಸುಬಾಯಿತು. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಸಂದರ್ಭದಲ್ಲಿ ಈ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ತಯಾರಿಸಿದ 1,755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ದಾಖಲೆಯ ಮಾತು ಹಾಗಿರಲಿ, ನನಗೆ ಮುಖ್ಯವೆನಿಸುವುದು ಬೇರೆ: ತಾಂಡಾಗಳಿಂದ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆಂದು ತಿಂಗಳುಗಟ್ಟಲೆ ಗುಳೆ ಹೋಗುವ ಮನೆಗಳಲ್ಲಿ ಮೊದಲು ಶಾಲೆ ಬಿಡುವುದು ಹೆಣ್ಣುಮಕ್ಕಳೇ, ತಮ್ಮಂದಿರನ್ನೂ ತಂಗಿಯರನ್ನೂ ನೋಡಿಕೊಳ್ಳಲೆಂದು. ಮನೆಯ ಜಗಲಿಯಲ್ಲಿ ಕುಳಿತೇ ದುಡಿಯಬಹುದಾದ ತಾಯಿ ಊರಲ್ಲಿ ಉಳಿಯುತ್ತಾಳೆ. ಅವಳು ಉಳಿದರೆ ಮಗಳ ಹಾಜರಿಯೂ ಉಳಿಯುತ್ತದೆ.

ಆದರೆ ಸೂಜಿಯ ಕುಶಲತೆಯೊಂದರಿಂದಲೇ ಬೆಲೆಯ ಮೇಲೆ ಹಿಡಿತ ಬರುವುದಿಲ್ಲ. ನಾನು ಕೊಟ್ಟ 1,450ರಲ್ಲಿ ಹೊಲಿದವರಿಗೆ ಎಷ್ಟು ಸಲ್ಲುತ್ತದೆಂದು ಮಳಿಗೆಯಲ್ಲಿದ್ದ ಹುಡುಗನನ್ನು ಕೇಳಿದರೆ ಅವನು ನಕ್ಕು ಬಿಲ್ಲು ಕೊಟ್ಟ. ಚೀಟಿಯ ಮೇಲೂ 'ಕೈಕೆಲಸ' ಎಂಬುದಕ್ಕಿಂತ ಹೆಚ್ಚೇನಿರಲಿಲ್ಲ. ಲಂಬಾಣಿಗರು ಮನೆಯಲ್ಲಿ ಆಡುವ ಗೋರ್ ಬೋಲಿ ಭಾಷೆಗೆ ಸ್ವಂತ ಲಿಪಿಯಿಲ್ಲ. ಆರ್ಡರಿನ ಅಳತೆ, ನೂಲಿನ ಲೆಕ್ಕ, ಪಾಸ್‌ಬುಕ್ಕು ಎಲ್ಲವೂ ಬೇರೆ ಭಾಷೆಯ ಬರಹದಲ್ಲಿ. ಹೊಲಿಗೆಯ ತರಬೇತಿಗೆಂದು ಹಣ ಹಾಕುವವರು ಅಕ್ಷರ ಮತ್ತು ಲೆಕ್ಕಪತ್ರಕ್ಕೂ ಅಷ್ಟೇ ಹಾಕಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಹೊಲಿಗೆ ಆ ಹೆಂಗಸರಿಗೆ ಆಗಲೇ ಬರುತ್ತದೆ.

ಕೊಳ್ಳುವವರಿಗೆ: ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ, ಏಕೆಂದರೆ ಮೊದಲೆರಡು ಸಲ ನೀಲಿ ಬಿಡುತ್ತದೆ, ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿ. ಲ್ಯಾಪ್‌ಟಾಪ್ ಇಡುವಷ್ಟು ಗಟ್ಟಿಯಾದ ಚೀಲವಲ್ಲ, ಪುಸ್ತಕ ಮತ್ತು ಊಟದ ಡಬ್ಬಿಗೆ ಸಾಕು. ಗುಂಡಿ ಹಾಕಿದ್ದು ಸಿಕ್ಕರೆ ಜಿಪ್ಪಿನದನ್ನು ಬಿಟ್ಟು ಅದನ್ನೇ ಕೊಳ್ಳಿ.