ಜೋಡಿಸಿದ ಕುರ್ಚಿಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ! ಹೋಮ್ ಆಫೀಸ್ ಸೆಟ್ ಕೊಳ್ಳುವವರೇ, ಎಚ್ಚರ

ಮನೆಯಿಂದ ಕೆಲಸ ಮಾಡಲು ಕುರ್ಚಿ, ಮೇಜು ಕೊಳ್ಳಬೇಕೆಂದಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಹಣ ಕಟ್ಟಿ. ನಾನು ಮೊದಲೇ ಪೂರ್ತಿ ಕಟ್ಟಿಬಿಟ್ಟೆ. ನಲವತ್ತು ದಿನಗಳಾದವು. ಆ ಕುರ್ಚಿ ಮೂಲೆ ಸೇರಿದೆ, ನಾನು ಹಳೆಯ ಮರದ ಕುರ್ಚಿಗೆ ದಿಂಬು ಕೊಟ್ಟು ಕುಳಿತು ಇದನ್ನು ಬರೆಯುತ್ತಿದ್ದೇನೆ.

ಎರಡು ವರ್ಷ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದುಡಿದು ಸೊಂಟ ಹಿಡಿದುಕೊಂಡಿತ್ತು. ಇನ್ನು ಸಾಕು ಎಂದು ಹಣ ಕೂಡಿಸಿ ಮೇಜು, ಕುರ್ಚಿ, ಮಾನಿಟರ್ ಸ್ಟ್ಯಾಂಡ್ ಮೂರೂ ಇದ್ದ ಸೆಟ್ ತರಿಸಿದೆ. ಜಾಹೀರಾತಿನಲ್ಲಿ ಏನೇನಿತ್ತು ಗೊತ್ತೇ? ಎರ್ಗೊನಾಮಿಕ್ (ಅಂದರೆ ಮೈಗೆ ಒಗ್ಗುವ ವಿನ್ಯಾಸ), ಕ್ಲಾಸ್ 4 ಗ್ಯಾಸ್ ಲಿಫ್ಟ್ (ಸೀಟನ್ನು ಏರಿಸಿ ಇಳಿಸುವ ಸಿಲಿಂಡರ್), ಬಿಫ್ಮಾ ಸರ್ಟಿಫೈಡ್ (ಬಿಫ್ಮಾ ಎಂದರೆ ಉತ್ತರ ಅಮೆರಿಕದ ಆಫೀಸ್ ಪೀಠೋಪಕರಣ ತಯಾರಕರ ಸಂಘ), ಏಳು ದಿನಗಳೊಳಗೆ ವಾಪಸಾತಿ. ಆದರೂ ಫೋನ್ ಮಾಡಿ ಕೇಳಿದ್ದೆ. “ಇಷ್ಟವಾಗದಿದ್ದರೆ ನಿಜವಾಗಿಯೂ ವಾಪಸ್ ತೆಗೆದುಕೊಳ್ಳುತ್ತೀರಾ?” “ಖಂಡಿತ ಮೇಡಂ, ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.” ಇದೇ ಮಾತು, ಇದೇ ಧ್ವನಿ. ಇನ್ನೂ ಕಿವಿಯಲ್ಲಿದೆ.

ಮೇಜಿನ ಎತ್ತರ 78 ಸೆಂಟಿಮೀಟರ್. ಸಾಮಾನ್ಯ ಮೇಜುಗಳು 72ರಿಂದ 75ರ ಆಸುಪಾಸಿನಲ್ಲಿರುತ್ತವೆ. ನನ್ನಂತೆ ಐದಡಿ ಇರುವವರಿಗೆ ಅದೇ ಹೆಚ್ಚು. ಮೊಣಕೈ ಮೇಜಿನ ಮಟ್ಟಕ್ಕೆ ಬರಲೆಂದು ಕುರ್ಚಿಯನ್ನು ಏರಿಸಿದರೆ ಕಾಲು ನೆಲಕ್ಕೆ ತಾಗುವುದಿಲ್ಲ. ಕಾಲಡಿಗೆ ಹಲಗೆ ಇಟ್ಟುಕೊಂಡು ಅದನ್ನೂ ಸಹಿಸಿಕೊಂಡೆ. ಸೊಂಟದ ಆಸರೆ ಎಂದು ಬರೆದಿದ್ದದ್ದು ಇಲಾಸ್ಟಿಕ್‌ನಲ್ಲಿ ಕಟ್ಟಿದ ಒಂದು ಸಣ್ಣ ದಿಂಬು. ಅದು ಜಾರಿ ಕೆಳಗೆ ಬರುತ್ತಿತ್ತು. ಅದನ್ನೂ ಸಹಿಸಿಕೊಂಡೆ.

ಮೂರನೆಯ ದಿನದಿಂದ ಕುರ್ಚಿ ತಾನಾಗಿಯೇ ಇಳಿಯತೊಡಗಿತು. ವೀಡಿಯೊ ಮೀಟಿಂಗ್ ನಡುವೆ ನಮ್ಮ ಮ್ಯಾನೇಜರ್, “ಕ್ಯಾಮೆರಾದಲ್ಲಿ ನಿಮ್ಮ ಮುಖ ಕಾಣುತ್ತಿಲ್ಲವಲ್ಲ” ಎಂದಾಗ ಎಲ್ಲರೆದುರು ಎಷ್ಟು ನಾಚಿಕೆಯಾಯಿತು! ನನ್ನದೇ ಭ್ರಮೆಯೇನೋ ಎಂದು ಮರುದಿನ ಟೇಪ್ ಹಿಡಿದು ಅಳೆದೆ. ಬೆಳಗ್ಗೆ ಸೀಟು ನೆಲದಿಂದ 50 ಸೆಂಟಿಮೀಟರ್ ಎತ್ತರದಲ್ಲಿತ್ತು, ಮಧ್ಯಾಹ್ನದ ಹೊತ್ತಿಗೆ 43. ಗ್ಯಾಸ್ ಲಿಫ್ಟ್ ಒಳಗೆ ಒತ್ತಡದಲ್ಲಿ ತುಂಬಿದ ನೈಟ್ರೋಜನ್ ಇರುತ್ತದೆ. ಸೀಲ್ ಸೋತರೆ ಹೀಗೆ ಇಳಿಯುತ್ತಲೇ ಹೋಗುತ್ತದೆ. ಇಡೀ ಸಿಲಿಂಡರನ್ನೇ ಬದಲಿಸಬೇಕು. ಅದನ್ನು ಕೊರೆಯಲು, ಕತ್ತರಿಸಲು ಮಾತ್ರ ಯಾರೂ ಹೋಗಬೇಡಿ, ಒತ್ತಡಕ್ಕೆ ಸಿಡಿಯಬಹುದು.

ದೂರು ಕೊಟ್ಟೆ. ಮೊದಲ ಉತ್ತರ: “ನಿಮ್ಮ ತೂಕ ಎಷ್ಟು ಮೇಡಂ?” 54 ಕಿಲೋ ಎಂದೆ. ಕುರ್ಚಿ 120 ಕಿಲೋ ತಡೆಯುತ್ತದೆ ಎಂದು ಅವರೇ ಬರೆದಿದ್ದರು! ಎರಡನೆಯ ಉತ್ತರ: “ನೀವು ಕುಳಿತುಕೊಳ್ಳುವ ರೀತಿ ಸರಿಯಿಲ್ಲ.” ಹಾಗಾದರೆ ವಾಪಸ್ ತೆಗೆದುಕೊಳ್ಳಿ ಎಂದೆ. ಆಗ ಬಂತು ನೋಡಿ ಮೂರನೆಯದು: “ಜೋಡಿಸಿದ ಮೇಲೆ ಅದು ಬಳಸಿದ ವಸ್ತು. ಬಳಸಿದ ವಸ್ತುವಿಗೆ ವಾಪಸಾತಿ ಇಲ್ಲ.” ಜೋಡಿಸದೆ ಕೂರುವುದು ಹೇಗೆ? ಕೂರದೆ ಇಷ್ಟವಾಯಿತೋ ಇಲ್ಲವೋ ತಿಳಿಯುವುದು ಹೇಗೆ? ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ಅದೇ ಸಾಲನ್ನು ಕಳಿಸಿದರು.

ಆ ರಾತ್ರಿ ಕುರ್ಚಿಯನ್ನು ಬುಡಮೇಲು ಮಾಡಿ, ಸಿಲಿಂಡರ್ ಮುಚ್ಚಿದ್ದ ಪ್ಲಾಸ್ಟಿಕ್ ಕವಚವನ್ನು ಸರಿಸಿದೆ. ‘ಕ್ಲಾಸ್ 4’ ಎಂಬ ಬೆಳ್ಳಿ ಬಣ್ಣದ ಸ್ಟಿಕ್ಕರ್ ಇತ್ತು. ಅದರ ಒಂದು ತುದಿ ಎದ್ದಿತ್ತು. ಉಗುರಿನಿಂದ ಎಬ್ಬಿಸಿದೆ. ಕೆಳಗೆ ಲೋಹದ ಮೇಲೆಯೇ ಅಚ್ಚೊತ್ತಿದ್ದ ಅಂಕಿ 2. ಬೆರಳಿನಿಂದ ಮುಟ್ಟಿ ನೋಡಿದೆ, ಮೊಬೈಲ್ ಬೆಳಕಿನಲ್ಲಿ ನೋಡಿದೆ. ಎರಡೇ. ಅಂಕಿ ಹೆಚ್ಚಿದಷ್ಟೂ ಸಿಲಿಂಡರಿನ ಗೋಡೆ ದಪ್ಪ, ಬಾಳಿಕೆ ಹೆಚ್ಚು ಎಂದು ಹೇಳಿಯೇ ಇವರು ಆ ಬೆಲೆ ಕೇಳಿದ್ದು. ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ಹಣಕ್ಕಿಂತ ಹೆಚ್ಚಾಗಿ, ಇಷ್ಟು ಸುಲಭವಾಗಿ ನನ್ನನ್ನು ನಂಬಿಸಿದರಲ್ಲ ಎಂದು. “ಅಕ್ಕಾ, ಕೂತು ನೋಡದೆ ಕುರ್ಚಿ ಕೊಳ್ಳಬೇಡ” ಎಂದು ತಮ್ಮ ಹೇಳಿಯೇ ಇದ್ದ. ಅವನಿಗೆ ಇನ್ನೂ ವಿಷಯ ತಿಳಿಸಿಲ್ಲ.

ಫೋಟೋ ಕಳಿಸಿದೆ. ಉತ್ತರ ಎರಡೇ ನಿಮಿಷದಲ್ಲಿ ಬಂತು: “ಸ್ಟಿಕ್ಕರ್ ಕಿತ್ತಿರುವುದರಿಂದ ವಾರಂಟಿ ರದ್ದಾಗಿದೆ.”

ಬಿಫ್ಮಾ ಪ್ರಮಾಣಪತ್ರವನ್ನಾದರೂ ತೋರಿಸಿ ಎಂದೆ. “ಪೆಟ್ಟಿಗೆಯ ಮೇಲೆ ಮುದ್ರೆ ಇದೆಯಲ್ಲ” ಎಂದರು. ನನಗೆ ಆಮೇಲೆ ತಿಳಿಯಿತು, ಬಿಫ್ಮಾದ ಎಕ್ಸ್5.1 ಎಂಬುದು ಆಫೀಸ್ ಕುರ್ಚಿಗಳ ಪರೀಕ್ಷಾ ಮಾನದಂಡ. ಆ ಪರೀಕ್ಷೆಯಲ್ಲಿ ಕುರ್ಚಿ ಗೆದ್ದಿದೆ ಎಂದು ಬಿಫ್ಮಾ ಪ್ರಮಾಣಪತ್ರ ಕೊಡುವುದಿಲ್ಲ. ತಯಾರಕರು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ವರದಿ ಪಡೆಯುತ್ತಾರೆ. ಆದ್ದರಿಂದ ಮುದ್ರೆ ನೋಡಿ ಸುಮ್ಮನಾಗಬೇಡಿ, ಆ ಮಾಡೆಲ್ಲಿನ ಪರೀಕ್ಷಾ ವರದಿಯನ್ನೇ ಕೇಳಿ.

ಜೋಡಿಸಿದ ಮೇಲೂ ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ, ಫೋನಿನ ಮಾತಿಗೆ ಬೆಲೆಯಿಲ್ಲ. ಪೆಟ್ಟಿಗೆ ಎಸೆಯಬೇಡಿ. ಸಾಧ್ಯವಿದ್ದರೆ ಅರ್ಧ ಗಂಟೆ ಕುಳಿತು ನೋಡಿ: ಪಾದ ನೆಲಕ್ಕೆ ಪೂರ್ತಿ ತಾಗಬೇಕು, ಸೀಟಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಜಾಗವಿರಬೇಕು. ಸೆಟ್ ಮಾತ್ರ ಬೇಡವೇ ಬೇಡ, ಬಿಡಿಬಿಡಿಯಾಗಿ ಕೊಳ್ಳಿ.

ನಿನ್ನೆ ಕಳಿಸಿದ ಸಂದೇಶಕ್ಕೆ ಇನ್ನೂ ಉತ್ತರವಿಲ್ಲ. ಆದರೆ ಇವತ್ತು ಬೆಳಗ್ಗೆ ಅದೇ ಸೆಟ್ಟಿನ ಜಾಹೀರಾತು ಬೇರೆ ಹೆಸರಿನಲ್ಲಿ ಕಂಡಿತು. ಅದೇ ಫೋಟೋ, ಇಲಾಸ್ಟಿಕ್ ಕಟ್ಟಿದ ಅದೇ ಬೂದು ದಿಂಬು, ಅದೇ ಏಳು ದಿನಗಳ ಮಾತು. ನಿಮ್ಮ ಕಣ್ಣಿಗೂ ಬಿದ್ದರೆ ದಯವಿಟ್ಟು ಹಣ ಕಟ್ಟಬೇಡಿ.