ಎರಡು ಕ್ಯಾಮೆರಾದ ಫೋನು: ಜುಮಕಿ ಉಳಿಯಿತಾ, ಹೋಯಿತಾ?

ಮೂರು ತಿಂಗಳ ಹಿಂದೆ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ 18,000 ರೂಪಾಯಿ ಕೊಟ್ಟು ಈ ಫೋನು ತಗೊಂಡೆ. ತಗೊಂಡಿದ್ದೇ ಪೋರ್ಟ್ರೇಟ್ ಮೋಡ್‌ಗಾಗಿ, ಅಂದರೆ ಮುಖ ಸ್ಪಷ್ಟ ಇಟ್ಟು ಹಿಂದಿನದನ್ನು ಮಸುಕು (ಬ್ಲರ್) ಮಾಡುವ ಸೌಲಭ್ಯಕ್ಕಾಗಿ. ತಂಗಿಯ ಮದುವೆ ಗೊತ್ತಾಗಿದೆ, ಅದಕ್ಕೆ ಮುಂಚೆ ಅವಳದೊಂದು ಚೆಂದದ ಫೋಟೋ ನಾನೇ ತೆಗೆಯಬೇಕು ಅಂತ ಆಸೆ. ಕಂಪನಿ ಹೆಸರು ಬೇಡ. ಇಂಥ ಫೋನು ನೋಡುತ್ತಿರುವವರಿಗೆ ಹೆಸರಿಗಿಂತ ಅದು ಎಲ್ಲಿ ಎಡವುತ್ತದೆ ಅನ್ನೋದು ಗೊತ್ತಿರಬೇಕು.

ಒಂದು ಭಾನುವಾರ ಬಿಸಿಲು ಏರುವ ಮುಂಚೆ ಕೋಟೆಗೆ ಹೋದೆವು. 1367ರಲ್ಲಿ ಕಟ್ಟಿದ ಜಾಮಿಯಾ ಮಸೀದಿಯ ಹೊರಗಿನ ಕಮಾನುಗಳು ಹಿಂದೆ ಬರುವಂತೆ ತಂಗಿಯನ್ನು ನಿಲ್ಲಿಸಿದೆ. ಹಸಿರು ಸೀರೆ, ಕಿವಿಗೆ ಅವ್ವನ ಹಳೆಯ ಜುಮಕಿ. ಮೊದಲ ಫೋಟೋ ನೋಡಿ ಇಬ್ಬರಿಗೂ ಖುಷಿ ಆಯಿತು. ಮುಖ ಅಷ್ಟು ಸ್ಪಷ್ಟ, ಹಿಂದಿನ ಕಮಾನು ಬೆಣ್ಣೆ ಕರಗಿದ ಹಾಗೆ. ಆಮೇಲೆ ಅವಳು ಎರಡು ಬೆರಳಿಂದ ದೊಡ್ಡದು ಮಾಡಿ ನೋಡಿ, "ಅಣ್ಣಾ, ಜುಮಕಿ ಮಣಿ ಎಲ್ಲಿ ಹೋದ್ವು?" ಅಂದಳು. ನಿಜ. ಮೇಲಿನ ಬುಟ್ಟಿ ಇದೆ, ಕೆಳಗೆ ತೂಗುವ ಮಣಿಗಳು ಕಲ್ಲಿನ ಬಣ್ಣದಲ್ಲಿ ಕಲೆತು ಹೋಗಿವೆ. ಗಾಳಿಗೆ ಹಾರಿದ ಕೂದಲ ಎಳೆಗಳೂ ಇಲ್ಲ. ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳಲ್ವಾ, ಆ ಸಂದಿಯಲ್ಲಿ ಕಾಣುವ ಗೋಡೆಯ ತುಂಡು ಮಾತ್ರ ಬ್ಲರ್ ಆಗದೆ ಹಾಗೇ ಉಳಿದಿತ್ತು.

ಯಾಕೆ ಹೀಗೆ? ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಆ ಕಡೆ ಈ ಕಡೆ ಜಿಗಿಯುತ್ತದೆ, ದೂರದ ಗೋಡೆ ಅಷ್ಟಾಗಿ ಜಿಗಿಯಲ್ಲ. ಎರಡು ಕ್ಯಾಮೆರಾ ಮಾಡುವ ಕೆಲಸ ಇಷ್ಟೇ. ಯಾವುದು ಹೆಚ್ಚು ಜಿಗಿಯಿತೋ ಅದು ಹತ್ತಿರದ್ದು ಅಂತ ಲೆಕ್ಕ ಹಾಕಿ, ಉಳಿದದ್ದನ್ನು ಸಾಫ್ಟ್‌ವೇರ್ ಮಸುಕು ಮಾಡುತ್ತದೆ. ನನ್ನ ಫೋನಿನ ಎರಡನೇ ಕ್ಯಾಮೆರಾ ಬರೀ 2 ಮೆಗಾಪಿಕ್ಸೆಲ್, ಅದು ಫೋಟೋ ತೆಗೆಯಲ್ಲ, ದೂರ ಅಳೆಯುತ್ತದೆ ಅಷ್ಟೆ. ಎಳೆ ಕೂದಲು, ಸಣ್ಣ ಮಣಿ ಅದಕ್ಕೆ ಸಿಗೋದೇ ಕಷ್ಟ. ದೊಡ್ಡ ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್ ಹಾಕಿ ಎಫ್ 1.8 ಇಟ್ಟರೆ (ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬ್ಲರ್ ಹೆಚ್ಚು) ಗಾಜೇ ಹಿಂದಿನದನ್ನು ಮಸುಕು ಮಾಡುತ್ತದೆ, ಅಲ್ಲಿ ಈ ಲೆಕ್ಕಾಚಾರವೇ ಇಲ್ಲ. ಫೋನಿನ ಮೇಲೂ ಎಫ್ 1.8 ಅಂತ ಬರೆದಿರುತ್ತಾರೆ, ಆದರೆ ಒಳಗೆ ಬೆಳಕು ಹಿಡಿಯುವ ಚಿಪ್, ಅಂದರೆ ಸೆನ್ಸರ್, ಉಗುರಿನಷ್ಟೂ ಇರಲ್ಲ, ಹಾಗಾಗಿ ಆ ಬ್ಲರ್ ತಾನಾಗಿ ಬರಲ್ಲ.

ಎರಡು ಕ್ಯಾಮೆರಾ ಇದ್ದರೆ ಮಾತ್ರ ಆಗುತ್ತೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. 2014ರ ಎಚ್‌ಟಿಸಿ ಒನ್ ಎಂ8, 2016ರ ಐಫೋನ್ 7 ಪ್ಲಸ್ ಎರಡು ಕ್ಯಾಮೆರಾದವು ನಿಜ. ಆದರೆ 2017ರಲ್ಲಿ ಬಂದ ಗೂಗಲ್ ಪಿಕ್ಸೆಲ್ 2ಕ್ಕೆ ಹಿಂದೆ ಒಂದೇ ಕ್ಯಾಮೆರಾ ಇತ್ತು, ಪೋರ್ಟ್ರೇಟ್ ಅದರಲ್ಲೂ ಬರುತ್ತಿತ್ತು. ಕ್ಯಾಮೆರಾ ಎಣಿಸೋದಕ್ಕಿಂತ ಅಂಚು ನೋಡೋದು ಮುಖ್ಯ.

ರಾತ್ರಿ ಮನೆಯೊಳಗೆ ಟ್ಯೂಬ್‌ಲೈಟಿನಲ್ಲಿ ತೆಗೆದರೆ ಸುಮ್ನೆ ಬೇಜಾರು. ಅವ್ವನ ಕನ್ನಡಕದ ಒಂದು ಕಡ್ಡಿ ಅರ್ಧಕ್ಕೇ ಮಾಯ ಆಗಿತ್ತು. ಆ ಹೊತ್ತಿಗೆ ಸಾದಾ ಮೋಡ್ ಸಾಕು.

ಬೆಳಕಿನಲ್ಲಿ ಮಾತ್ರ ಇದನ್ನು ಒಲಿಸಿಕೊಳ್ಳಬಹುದು, ಇದು ನನಗೆ ನಿಜಕ್ಕೂ ಹಿಡಿಸಿತು. ಕೋಟೆಗೆ ಇನ್ನೆರಡು ಸಲ ಹೋಗಿ ಕಲಿತದ್ದು ಹೇಳುತ್ತೇನೆ. ಗೋಡೆಗೆ ಒರಗಿಸಬೇಡಿ, ಹಿಂದೆ ಹತ್ತು ಹೆಜ್ಜೆಯಾದರೂ ಜಾಗ ಇರಲಿ. ನೀವು ಐದಾರು ಅಡಿ ದೂರ ನಿಲ್ಲಿ. ಕೂದಲು, ಒಡವೆಯ ಹಿಂದೆ ಅದೇ ಬಣ್ಣ ಬರದಂತೆ ನೋಡಿಕೊಳ್ಳಿ. ಎಲ್ಲಕ್ಕಿಂತ ದೊಡ್ಡದು ಬ್ಲರ್ ಕಡಿಮೆ ಮಾಡೋದು. ಫೋನು ತಾನಾಗಿ ಎಫ್ 1.4ಕ್ಕೆ ಇಟ್ಟಿರುತ್ತದೆ, ಆ ಬ್ಲರ್ ತುಂಬಾ ಜಾಸ್ತಿ. ನಾನು 4ಕ್ಕೆ ತರುತ್ತೇನೆ. ಫೋಟೋ ತೆಗೆದ ಮೇಲೂ ಗ್ಯಾಲರಿಯಲ್ಲಿ ಬದಲಾಯಿಸಬಹುದು. ಅಂಚಿನ ತಪ್ಪು ಅಷ್ಟಾಗಿ ಕಣ್ಣಿಗೆ ಬೀಳಲ್ಲ, ಹಿಂದಿರುವುದು ಕೋಟೆ ಅಂತಲೂ ಗೊತ್ತಾಗುತ್ತದೆ. ನಮ್ಮೂರಿನ ಅಂಥ ಕಮಾನು ಹಿಂದೆ ಇಟ್ಟುಕೊಂಡು ಅದನ್ನೇ ಅಳಿಸಿಬಿಟ್ಟರೆ ಅಷ್ಟು ದೂರ ಹೋಗಿದ್ದಾದರೂ ಯಾಕೆ?

ಅಂಗಡಿಯಲ್ಲಿ ನೋಡುವಾಗ ಕೌಂಟರ್ ಮುಂದೆ ತೆಗೆಯಬೇಡಿ. ಬಾಗಿಲಿಗೆ ಬಂದು, ಜೊತೆಗೆ ಬಂದವರನ್ನು ಸೊಂಟದ ಮೇಲೆ ಕೈ ಇಡಿಸಿ ನಿಲ್ಲಿಸಿ, ಒಂದು ಫೋಟೋ ತೆಗೆದು ಕಿವಿ ಮತ್ತು ಆ ಸಂದಿ ದೊಡ್ಡದು ಮಾಡಿ ನೋಡಿ. ಆಮೇಲೆ ಎರಡನೇ ಲೆನ್ಸಿಗೆ ಬೆರಳು ಅಡ್ಡ ಇಟ್ಟು ಇನ್ನೊಂದು ತೆಗೆಯಿರಿ. ನನ್ನದರಲ್ಲಿ ಲೆನ್ಸ್ ಮುಚ್ಚಿದೆ ಅಂತ ಕೂಡಲೇ ಹೇಳುತ್ತದೆ. ಏನೂ ವ್ಯತ್ಯಾಸ ಬರದಿದ್ದರೆ ಆ ಎರಡನೇ ಲೆನ್ಸಿಗೆ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಮೂರನೇ ಸಲ ತೆಗೆದ ಫೋಟೋದಲ್ಲಿ ಜುಮಕಿಯ ಮಣಿ ಎಲ್ಲಾ ಇವೆ. ಅದನ್ನೇ ಪ್ರಿಂಟ್ ಹಾಕಿಸಿ ಅವ್ವನ ಕೈಗೆ ಕೊಟ್ಟೆ.